ತಣ್ಣೀರಿನಲ್ಲಿ ನಾದಿದ ಹಿಟ್ಟು

ತಂಗಿಯ ಬಲಗೈ ಬಿದ್ದುಹೋದ ದಿನ ನಾನು ಅತ್ತದ್ದು ನಿಜ. ಕೆಲವು ದಿನ ಕಳೆದು, ಹಂಚಿನ ಮುಂದೆ ಅವಳ ಮಣೆಯ ಮೇಲೆ ಕುಳಿತಾಗ ಒಳಗೊಳಗೇ ಹಿತವೆನಿಸಿದ್ದೂ ನಿಜ.

ಮುಂಬೈಯ ಸಯನ್‌ನ ಚಾಳಿನಲ್ಲಿ ನಮ್ಮದು ಒಂದೇ ಖೋಲಿ. ಗಂಡ ತೀರಿದ ಮೇಲೆ ವಿಜಯಪುರದ ಕಡೆಯಿಂದ ಬಂದ ನನಗೆ ಅದರಲ್ಲಿ ಜಾಗ ಕೊಟ್ಟವಳು ತಂಗಿ. ಸುತ್ತಲಿನ ಕನ್ನಡದ ಮನೆಗಳಿಗೆ ಅವಳು ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ಎಸರಿಟ್ಟು ಹಿಟ್ಟು ನಾದುವ ಕೆಲಸ ನನಗೆ ಬಂತು, ಬಡಿಯುವುದು ಅವಳ ಕೈಯಲ್ಲೇ ಉಳಿಯಿತು. ಜೋಳದ ಹಿಟ್ಟಿಗೆ ಕುದಿಯುವ ನೀರು ಬೀಳದಿದ್ದರೆ ಜಿಗಿ ಬರುವುದಿಲ್ಲ. ಎಂಥ ಕೈ ಬಡಿದರೂ ಅಂಚು ಸೀಳುತ್ತದೆ. ಹಾಗೆ ನೋಡಿದರೆ ಅರ್ಧ ರೊಟ್ಟಿ ನನ್ನದು. ಆದರೆ ಒಯ್ಯಲು ಬಂದವರೆಲ್ಲ ಹೊಗಳುತ್ತಿದ್ದದ್ದು ಅವಳ ಕೈಯನ್ನು. ಚಿಕ್ಕಂದಿನಿಂದಲೂ ಹೀಗೆಯೇ. ಅವಳನ್ನು ಎತ್ತಿಕೊಂಡು ತಿರುಗಲೆಂದು ನನ್ನನ್ನು ಮೂರನೇ ಇಯತ್ತೆಗೇ ಶಾಲೆ ಬಿಡಿಸಿದ್ದರು. ಅವಳು ಏಳರವರೆಗೆ ಓದಿದಳು.

ಅವಳಿಗೆ ಬಿಪಿ, ಶುಗರ್ ಎರಡೂ ಮೊದಲಿನಿಂದ ಇದ್ದವು. ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗಾಲು ಎಳೆಯುತ್ತಿತ್ತು, ಬಲಗೈಗೆ ಬಿಸಿ ತಣ್ಣಗೆ ಏನೂ ತಿಳಿಯುತ್ತಿರಲಿಲ್ಲ. ನಾನೇ ಬಡಿಯತೊಡಗಿದೆ. ಮೊದಲು ಜನ, “ತಂಗಿ ಕೈಯಾಗಿನ ರೊಟ್ಟಿ ಹಂಗ ಆಗ್ಯಾವ ನೋಡ್ರಿ” ಅಂದರು. ಆಮೇಲೆ ತಂಗಿಯ ಹೆಸರು ಎತ್ತುವುದನ್ನೇ ಬಿಟ್ಟರು. ನನಗೆ ಅದು ಸಿಹಿಯಾಗಿತ್ತು.

ಅಷ್ಟರಲ್ಲಿ ವ್ಯಾಯಾಮ ಮಾಡಿಸಲೆಂದು ಆಸ್ಪತ್ರೆಯವರು ಕಳಿಸಿದ ಒಬ್ಬ ಹುಡುಗಿ ಮನೆಗೆ ಬರತೊಡಗಿದಳು. ಆಸ್ಪತ್ರೆಯಲ್ಲಿ ಕೈಕಾಲು ಮಡಚಿ ಬಿಡಿಸಿದವರು ಬೇರೆ. ಇವಳದು ಎದೆಬಡಿತ, ಉಸಿರು, ಬಿಪಿ, ಶುಗರ್ ನೋಡಿ, ಈ ಮೈ ಇವತ್ತು ಎಷ್ಟು ದುಡಿಯಬಹುದು ಎಂದು ಅಳೆದು ದುಡಿಸುವ ವಿದ್ಯೆ. ಮುಂಬೈಯಲ್ಲೇ ಬೆಳೆದ ಕನ್ನಡದವರ ಮಗಳು, ಅರ್ಧ ಹಿಂದಿಯಲ್ಲಿ ಮಾತು, ಚಿಕ್ಕಮ್ಮ ಎನ್ನುವಂತೆ ನಮ್ಮಿಬ್ಬರಿಗೂ ಮೌಶಿ ಅನ್ನುತ್ತಿದ್ದಳು. ಖೋಲಿಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ತಂಗಿಯನ್ನು ನಡೆಸುತ್ತ, “ಮೌಶಿ, ಚಲ್ತೆ ಚಲ್ತೆ ಮಾತಾಡೋಕೆ ಬರಬೇಕು, ಹಾಡೋಕೆ ಬರಬಾರದು. ಬಸ್, ಅಷ್ಟೇ ಜೋರು ನಡೀರಿ” ಅಂದಳು.

“ಹಾಡು ನನಗ ಕುಂತರೂ ಬರಂಗಿಲ್ಲವ್ವಾ, ಹೆಂಗ ತಿಳೀತೈತಿ ನಿನಗ?” ಎಂದಳು ತಂಗಿ. ಇಬ್ಬರೂ ನಕ್ಕರು. ಲಕ್ವ ಹೊಡೆದ ಮೇಲೆ ಅವಳು ನನ್ನೊಂದಿಗೆ ಹಾಗೆ ನಕ್ಕಿರಲಿಲ್ಲ.

ನಾನು ತುತ್ತು ಮಾಡಿ ಉಣಿಸಿದರೆ ಹುಡುಗಿ ತಡೆಯುತ್ತಿದ್ದಳು. ಮಾಡದ ಕೆಲಸವನ್ನು ಕೈ ಮರೆಯುತ್ತದೆ, ಮತ್ತೆ ಮತ್ತೆ ಮಾಡಿದರೆ ಮೆದುಳು ಹೊಸ ದಾರಿ ಹುಡುಕಿಕೊಳ್ಳುತ್ತದೆ, ಈ ಮೊದಲ ತಿಂಗಳುಗಳು ಕೈಬಿಟ್ಟರೆ ಮುಂದೆ ಬಹಳ ಕಷ್ಟ ಎಂದು ಇಬ್ಬರಿಗೂ ಬಿಡಿಸಿ ಹೇಳಿದಳು. ತಂಗಿಯ ಕಸುಬು ತಿಳಿದ ಮೇಲೆ ರಬ್ಬರ್ ಚೆಂಡು ಬದಿಗಿಟ್ಟು, ಎಡಗೈ ಹಚ್ಚಬಾರದೆಂದು ಹೇಳಿ, ಅವಳ ಬಲಗೈಗೆ ಹಿಟ್ಟಿನ ಉಂಡೆ ಕೊಡಿಸಿದಳು. ಮುಷ್ಟಿ ಮೆಲ್ಲಮೆಲ್ಲನೆ ಬಿಚ್ಚಿತು. ಒಂದು ದಿನ ಅಂಗೈಯಗಲದ ಸೊಟ್ಟ ರೊಟ್ಟಿಯೊಂದು ಎದ್ದು ಬಂತು. ಹುಡುಗಿ ಕುಣಿದಾಡಿ ಮೊಬೈಲಿನಲ್ಲಿ ಅದರ ಫೋಟೋ ಹೊಡೆದಳು. ಪಕ್ಕದಲ್ಲಿ ನಾನು ಬಡಿದಿಟ್ಟ ರೊಟ್ಟಿಯ ಗುಡ್ಡೆ ಇತ್ತು. ಅದನ್ನು ಯಾರೂ ನೋಡಲಿಲ್ಲ.

ಮರುದಿನ ಅವಳ ಉಂಡೆಯ ಹಿಟ್ಟನ್ನು ನಾನು ತಣ್ಣೀರಿನಲ್ಲಿ ನಾದಿದೆ.

ಸೋತ ಬಲಗೈಗೆ ವ್ಯತ್ಯಾಸ ತಿಳಿಯಲಿಲ್ಲ. ತಟ್ಟಿದಂತೆಲ್ಲ ರೊಟ್ಟಿ ನಾಲ್ಕೂ ಕಡೆ ಸೀಳಿತು. ಅದರ ಮರುದಿನವೂ ಹಾಗೇ ಮಾಡಿದೆ, ಆಮೇಲೂ. “ನನ್ನ ಕೈ ಸತ್ತೈತಿ ಅಕ್ಕಾ” ಎಂದು ತಂಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಕೈಯ ಜೊತೆ ನಡಿಗೆಯನ್ನೂ ಬಿಟ್ಟಳು. ಬಿಪಿ ಏರಿತು. ಹುಡುಗಿಗೆ ಏನೂ ಹೊಳೆಯಲಿಲ್ಲ. ಗುಳಿಗೆಯ ಬಗ್ಗೆ ಕೇಳಿದಳು, ನಿದ್ದೆಯ ಬಗ್ಗೆ ಕೇಳಿದಳು. “ಇಷ್ಟು ಅಚ್ಛಾ ಇತ್ತು, ಏನಾಯ್ತು ಮೌಶಿ?” ಎಂದು ನನ್ನನ್ನೂ ಕೇಳಿದಳು. ನಾನು ಹಂಚು ಒರೆಸುತ್ತಿದ್ದೆ.

ನಿಲ್ಲಿಸಬೇಕೆಂದು ದಿನವೂ ಅನಿಸುತ್ತಿತ್ತು. ಎಸರಿಗೆ ನೀರು ಇಡುತ್ತಲೂ ಇದ್ದೆ. ಕುದಿಯುವ ಹೊತ್ತಿಗೆ ಆ ಫೋಟೋ ನೆನಪಾಗಿ ಒಲೆ ಆರಿಸಿಬಿಡುತ್ತಿದ್ದೆ.

ಕೊನೆಗೆ ಹುಡುಗಿ ಬೇರೆ ಉಪಾಯ ಮಾಡಿದಳು. “ಒಂದು ಸಲ ಎರಡೂ ಕೈ ಹಾಕಿ ಮೌಶಿ. ಎಡಗೈ ನೋಡಿ ಬಲಗೈ ಕಲಿಯಲಿ” ಎಂದು ತಂಗಿಯನ್ನು ಎಬ್ಬಿಸಿ ಹಿಟ್ಟಿನ ಪರಾತದ ಮುಂದೆ ಕೂರಿಸಿದಳು. ತಂಗಿಯ ಎಡಗೈ ಹಿಟ್ಟಿಗೆ ತಾಗಿತು. ಅಲ್ಲೇ ನಿಂತಿತು. ಬೆರಳಲ್ಲಿ ಒಂದು ಚೂರು ತಿಕ್ಕಿ ನನ್ನ ಮುಖ ನೋಡಿದಳು.

ಹುಡುಗಿ ಮೆಟ್ಟಿಲಿಳಿದು ಹೋದ ಮೇಲೆಯೇ ತಂಗಿ ಕೇಳಿದಳು. “ಎಸರ ಇಟ್ಟಿಲ್ಲೇನ ಅಕ್ಕಾ?”

ಗ್ಯಾಸ್ ತೀರಿತ್ತು ಎನ್ನಬಹುದಿತ್ತು. “ಇಲ್ಲ” ಅಂದೆ.

“ಇವತ್ತೊಂದ ದಿನಾ?”

“ಅಲ್ಲವ್ವಾ. ಆ ಫೋಟೋ ಹೊಡದಾಗಿಂದ.”

ಬೈಯುತ್ತಾಳೆ, ಗಂಟು ಕಟ್ಟಿಕೊಂಡು ಊರಿಗೆ ಹೋಗು ಅನ್ನುತ್ತಾಳೆ ಎಂದು ಕಾದೆ. ಅವಳು ಸತ್ತಿದೆ ಅಂದಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. “ಹಂಗಾರ ನನ್ನ ಕೈದು ಏನೂ ತಪ್ಪಿದ್ದಿಲ್ಲ” ಅಂದಳು. ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ಸಂತೋಷ. ಅದನ್ನು ನೋಡುವುದಕ್ಕಿಂತ ಒಂದು ಏಟು ತಿಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಸಿಟ್ಟು ಆಮೇಲೆ ಬಂತು. ಬಹಳ ದಿನ ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಈಗ ಅವಳು ಗ್ಯಾಲರಿಯ ಕೊನೆಯವರೆಗೂ ಕೋಲಿಲ್ಲದೆ ನಡೆಯುತ್ತಾಳೆ, ಬಿಪಿ ಹಿಡಿತಕ್ಕೆ ಬಂದಿದೆ. ಮತ್ತೆ ಹಂಚಿನ ಮುಂದೆ ಕುಳಿತು ಅವಳು ಬಡಿಯುವ ರೊಟ್ಟಿಗೆ ಒಂದು ಕಡೆ ದಪ್ಪ ಅಂಚು ಉಳಿಯುತ್ತದೆ. ಜನ ಅದನ್ನೇ ಬೇಕೆಂದು ಕೇಳಿ ಒಯ್ಯುತ್ತಾರೆ. ಕೇಳಿದಾಗ ನನ್ನ ಹೊಟ್ಟೆಯಲ್ಲಿ ಇಂದಿಗೂ ಸಣ್ಣಗೆ ಉರಿಯುತ್ತದೆ. ಸುಳ್ಳು ಯಾಕೆ ಬರೆಯಲಿ?

ಮೊನ್ನೆ ಹುಡುಗಿ ತಂಗಿಗೆ, “ನಿಮ್ಮ ಅಕ್ಕ ಇಷ್ಟು ನೋಡಿಕೊಂಡರು ಅಂತ ಕೈ ಬಂತು ಮೌಶಿ” ಅಂದಳು. ನಾನು ಎಸರಿನ ಪಾತ್ರೆ ತಂದು ತಂಗಿಯ ಮುಂದೆ ಹಿಡಿದೆ. ದಿನವೂ ಮಾಡುವಂತೆ ಅವಳು ಎಡಗೈಯನ್ನು ಆವಿಯ ಮೇಲೆ ಹಿಡಿದು ನೋಡಿದಳು. ಆಮೇಲೆ, “ಹಾಕು” ಅಂದಳು.