ಅಮ್ಮನನ್ನು ಕೇಳು

ನಿವೃತ್ತಿಯಾಗಿ ವರ್ಷಗಳೇ ಕಳೆದಿದ್ದರೂ ಪಕ್ಕದ ಮನೆಯ ಆಂಟಿಯ ಎದೆಯ ಮೇಲೆ ನರ್ಸುಗಳ ಗಡಿಯಾರ ತಲೆಕೆಳಗಾಗಿ ನೇತಾಡುತ್ತಲೇ ಇತ್ತು. ನೈಟಿಗೂ ಅದನ್ನು ಪಿನ್ನು ಹಾಕಿ ಸಿಕ್ಕಿಸುತ್ತಿದ್ದರು. ಕತ್ತು ಬಗ್ಗಿಸಿ ಸಮಯ ನೋಡಿ, "ಮೂರೂವರೆ ಆಯ್ತು, ನಿನ್ ಮಗಳು ಬರ್ತಾಳೆ" ಎನ್ನುತ್ತಿದ್ದರು. ಬರುತ್ತಿದ್ದುದು ಅವರ ಮನೆಗೆ. ಈ ಪರದೇಶದ ಒನೆಹುಂಗಾ ಎಂಬ ಬಡಾವಣೆಯಲ್ಲಿ ನಮ್ಮೆರಡು ಮನೆಗಳ ನಡುವಿನ ಬೇಲಿಯಲ್ಲಿ ಒಂದು ಹಲಗೆ ಕಿತ್ತುಹೋಗಿತ್ತು. ಹತ್ತು ವರ್ಷದ ನನ್ನ ಮಗಳು ಶಾಲೆಯ ಚೀಲವನ್ನು ನಮ್ಮ ಬಾಗಿಲಲ್ಲಿ ಎಸೆದು, ಬೇಲಿಯ ಆ ಸಂದಿಯಲ್ಲಿ ತೂರಿ ಹೋಗಿಬಿಡುತ್ತಿದ್ದಳು.

ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚು. ನನ್ನ ಹತ್ತಿರ "ಯಾ", "ನೋ" ಎರಡೇ ಮಾತು. ಅಲ್ಲಿ ನನ್ನ ಅಡುಗೆಮನೆ ಕಿಟಕಿಗೆ ಕೇಳುವಷ್ಟು ನಗು. ಆಂಟಿ ಮೈಸೂರಿನಲ್ಲಿ ನರ್ಸಿಂಗ್ ಕಲಿತು, ನಲವತ್ತು ವರ್ಷಗಳ ಹಿಂದೆ ಇಲ್ಲಿಗೆ ಬಂದ ಕ್ರೈಸ್ತ ಹೆಂಗಸು. ಇಂಗ್ಲಿಷ್ ಅವರಿಗೆ ನೀರು ಕುಡಿದಂತೆ. ನಾನು "ಕಮ್ ಫಾಸ್ಟ್‌ಲಿ" ಎಂದರೆ ಮಗಳು ಮುಖ ತಿರುಗಿಸುತ್ತಿದ್ದಳು.

ಮಗಳನ್ನು ನನ್ನ ಕಡೆಗೆ ಎಳೆದುಕೊಳ್ಳಬೇಕೆಂದೇ ನಾನೂ ಇಂಗ್ಲಿಷ್ ಕಲಿಯಲು ಹೋದೆ. ಆಂಟಿಯ ಪಾಠಕ್ಕೆ ಪುಸ್ತಕವಿಲ್ಲ. ಚಪಾತಿ ಹಿಟ್ಟು ಕೊಟ್ಟು "ಪ್ರೆಸ್ ಹಾರ್ಡ್" ಎನ್ನುವರು, ಏಣಿ ಹಿಡಿಸಿ "ಹೋಲ್ಡ್ ಟೈಟ್" ಎನ್ನುವರು.

"ಫಾಸ್ಟ್, ಹಾರ್ಡ್, ಲೇಟ್, ಸ್ಟ್ರೇಟ್. ಇವೆಲ್ಲ ಮನೇಲಿ ಉಟ್ಟ ಸೀರೇಲೇ ಕೆಲಸಕ್ಕೂ ಹೊರಡೋ ಪದಗಳು ಕಣಮ್ಮ. ಫಾಸ್ಟ್ ಕಾರಿಗೂ ಅದೇ, ಫಾಸ್ಟ್ ಓಡೋಕೂ ಅದೇ. ಸುಮ್ನೆ 'ಲಿ' ಅನ್ನೋ ಕೋಟು ಹಾಕ್ಬೇಡ."

ಇಷ್ಟು ಸುಲಭವಾಗಿ ಹೇಳಿಕೊಟ್ಟದ್ದಕ್ಕೂ ನನ್ನ ಹೊಟ್ಟೆ ಉರಿಯಿತು.

ಅಂದು ಸಂಜೆ ಮಗಳು ಒಲೆಯ ಬಳಿ ಬಂದು ನಿಂತಳು. "ಅಮ್ಮಾ, ಕನ್ನಡದಲ್ಲೂ ಹಾಗಿರೋ ವರ್ಡ್ಸ್ ಇದ್ಯಾ? ಆಂಟಿಗೆ ಮರ್ತೋಯ್ತಂತೆ. ಶಿ ಸೆಡ್ ಆಸ್ಕ್ ಅಮ್ಮ."

"ಜೋರು ಮಳೆ ಅಂತೀವಲ್ಲ, ಜೋರು ಓಡು ಅಂತಾನೂ ಅಂತೀವಿ."

"ಜೋರು!" ಎಂದು ಕಿರುಚಿದಳು. ನಾನು ಬೇರೆ ಪದ ಹುಡುಕುವಷ್ಟರಲ್ಲಿ ಒಗ್ಗರಣೆ ಸೀದುಹೋಯಿತು. ಸೀಯಲಿ ಬಿಡು, ರಾಯರ ದಯೆ ಎಂದುಕೊಂಡೆ.

ಆಮೇಲೆ ದಿನಕ್ಕೊಂದು ಪ್ರಶ್ನೆ. ತವರು ಅಂದರೇನು, ಹೆಬ್ಬೆರಳಿಗೆ ಆ ಹೆಸರು ಯಾಕೆ. ಪ್ರತಿಸಲವೂ ಆಂಟಿಗೆ ಮರೆತುಹೋಗಿರುತ್ತಿತ್ತು. ಪಾಪ, ಮಾತಾಡುವ ಕನ್ನಡವಷ್ಟೇ ಉಳಿದಿದೆ, ಗಟ್ಟಿ ಕನ್ನಡ ಹೋಗಿದೆ ಎಂದು ಒಳಗೊಳಗೇ ಬೀಗಿದೆ. ಒಂದರಲ್ಲಾದರೂ ನಾನು ಮೇಲಾದೆನಲ್ಲ ಎಂದು ಗುರುವಾರ ರಾಯರಿಗೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ.

ಮರುವರ್ಷ ಆಂಟಿ ಹಾಸಿಗೆ ಹಿಡಿದರು. ಸಾರು ತೆಗೆದುಕೊಂಡು ಹೋದಾಗ ಒಳಗೆ ಪ್ರಾರ್ಥನೆ ಮಾಡುತ್ತಿದ್ದರು. ದೇವರ ಜೊತೆ ಮಾತಾಡುವಾಗ ನಡುವೆ ನುಗ್ಗಬಾರದೆಂದು ಬಾಗಿಲಲ್ಲೇ ನಿಂತೆ. ಎಂಥ ಕನ್ನಡ! ಒಂದು ತಡವರಿಕೆಯಿಲ್ಲ. ನಮ್ಮ ಶಾಲೆಯ ಕನ್ನಡ ಮೇಷ್ಟ್ರಿಗೂ ಅಂಥದ್ದು ಬರುತ್ತಿರಲಿಲ್ಲ. ಆಮೆನ್ ಆದ ಮೇಲೆ ಒಳಗೆ ಹೋಗಿ ಕೇಳಿಯೇಬಿಟ್ಟೆ.

"ಆಂಟಿ, ನಿಮಗೆ ಏನೂ ಮರ್ತಿಲ್ಲ!"

"ಮರ್ತಿಲ್ಲ."

"ಮತ್ತೆ ಮಗು ಹತ್ರ ಯಾಕೆ ಸುಳ್ಳು?"

"ನಂಗೊತ್ತು ಅಂದಿದ್ರೆ ಅದು ನಿನ್ ಹತ್ರ ಯಾಕೆ ಬರೋದು? ಕಿಟಕೀಲಿ ನಿಂತು ನೋಡ್ತಿದ್ಯಲ್ಲ, ನಂಗೆ ಕಾಣ್ತಿರ್ಲಿಲ್ವಾ? ಆ ಸುಳ್ಳಿಗೆ ಕ್ಷಮೆ ಕೇಳ್ಕೊಂಡಾಗಿದೆ. ಈಗ ಸಾರು ಕೊಡು."

ನಾಚಿಕೆಯಾಯಿತು. ಇಷ್ಟು ಒಳ್ಳೆಯವರಾಗಿರುವುದಕ್ಕೂ ಹೊಟ್ಟೆಕಿಚ್ಚಾಯಿತು, ಅದೂ ನಿಜ.

ಅವರು ತೀರಿಕೊಂಡಾಗ, ಅಂತ್ಯಕ್ರಿಯೆಯ ಪ್ರಾರ್ಥನೆಯಲ್ಲಿ ನಾಲ್ಕು ಮಾತಾಡಲು ಚರ್ಚಿನವರು ಮಗಳನ್ನು ಕೇಳಿದರು. ಹಿಂದಿನ ಸಂಜೆ ಅವಳು ಕಾಗದ ಹಿಡಿದು ಬಂದಳು.

"ಕನ್ನಡದಲ್ಲಿ ಹೇಳ್ತೀನಿ ಅಮ್ಮ. ನೀನು ಬರ್ಕೊಡು."

"ಏನಂತ ಬರೀಲಿ?"

"ಎಲ್ಲರಿಗಿಂತ ಶಿ ವಾಸ್ ದ ಬೆಸ್ಟ್. ಅದನ್ನ ಬರಿ."

ಎಲ್ಲರಿಗಿಂತ ಎನ್ನುವಲ್ಲಿ ನನ್ನ ಪೆನ್ನು ಸ್ವಲ್ಪ ಹೊತ್ತು ನಿಂತಿತು, ರಾಯರಾಣೆ. ಆಮೇಲೆ ಬರೆದೆ. ಮಗಳು ನನ್ನ ಭುಜಕ್ಕೆ ಒರಗಿಕೊಂಡು ಒಂದೊಂದು ಪದವನ್ನೂ ಕೇಳಿ ಕೇಳಿ ಬಾಯಿಪಾಠ ಮಾಡಿದಳು. ಎರಡು ಪುಟ ತುಂಬಿದ ಮೇಲೂ "ಇನ್ನೂ ಬರಿ" ಎಂದಳು.

ಬರೆದೆ.