ತಾವೇ ಔಷಧ ತೆಗೆದುಕೊಳ್ಳಬಲ್ಲವರು

ನಿವೃತ್ತಿಗೆ ಮುಂಚಿನ ಏಳೆಂಟು ವರ್ಷ ನನ್ನ ಕೆಲಸ ವೃದ್ಧಾಶ್ರಮಗಳ ತಪಾಸಣೆ. ವಿಜಯನಗರದಿಂದ ಕೆಂಗೇರಿವರೆಗಿನ ಆಶ್ರಮಗಳು ನನ್ನ ಪಾಲಿಗೆ ಬಂದಿದ್ದವು. ಕೋಣೆಗೆ ಎಷ್ಟು ಮಂಚ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯೇ, ಮಾತ್ರೆ ಯಾರು ಕೊಡುತ್ತಾರೆ, ಇದನ್ನೆಲ್ಲ ನೋಡಿ ಪರವಾನಗಿ ನವೀಕರಣಕ್ಕೆ ವರದಿ ಬರೆಯಬೇಕು. ನನ್ನನ್ನು ಕಂಡರೆ ಆಶ್ರಮ ನಡೆಸುವವರ ಮುಖ ಬಿಗಿಯುತ್ತಿತ್ತು. ಅಲ್ಲಿನ ಅಜ್ಜಿಯರು ಮಾತ್ರ ಯಾರೋ ನೆಂಟರು ಬಂದಂತೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು.

ಮಲ್ಲತ್ತಹಳ್ಳಿ ಕೆರೆಯ ಹಿಂದೆ ಹದಿನಾಲ್ಕು ಜನರಿದ್ದ ಒಂದು ಆಶ್ರಮವಿತ್ತು. ಒಂದು ಬೆಳಿಗ್ಗೆ ಅಲ್ಲಿಗೆ ಹೋದಾಗ ಮೇಲಿನ ಕೋಣೆಯಲ್ಲಿ ಅಡುಗೆಯ ಹೆಂಗಸು ಒಬ್ಬ ಅಜ್ಜಿಗೆ ಇನ್ಸುಲಿನ್ ಚುಚ್ಚುತ್ತಿದ್ದಳು. ಸೆರಗಿನಲ್ಲಿ ಇನ್ನೂ ಒಗ್ಗರಣೆಯ ವಾಸನೆ. ನನ್ನ ಗುರುತಿನ ಚೀಟಿ ಕಂಡು ಗಾಬರಿಯಾದಳು.

"ನರ್ಸಕ್ಕ ಕೆಲಸಾ ಬಿಟ್ಟು ತಿಂಗಳಾತ್ರೀ ಮೇಡಮ್ಮಾರ. ಆಕಿ ಮಾಡೂದು ದಿನಾ ನೋಡಿ ಕಲತೀನ್ರಿ" ಎಂದಳು.

ಅವಳ ಕೈ ಚೊಕ್ಕವಾಗಿಯೇ ಇತ್ತು. ಆದರೆ ನರ್ಸಿಂಗ್ ಓದದವರು ಚುಚ್ಚುಮದ್ದು ಕೊಡುವಂತಿಲ್ಲ. ದಿನವೂ ಚುಚ್ಚುಮದ್ದು ಬೇಕಾದವರನ್ನು ನರ್ಸ್ ಇಲ್ಲದ ಕಡೆ ಇಟ್ಟುಕೊಳ್ಳುವಂತಿಲ್ಲ. ಈ ನಿಯಮವನ್ನು ನಾನು ಸುಮ್ಮನೆ ಹಿಡಿದುಕೊಂಡವಳಲ್ಲ. ಬೇರೊಂದು ಕಡೆ ಡೋಸ್ ಹೆಚ್ಚಾಗಿ ಒಬ್ಬ ಅಜ್ಜ ಪ್ರಜ್ಞೆ ತಪ್ಪಿ ಬಿದ್ದಿದ್ದನ್ನು ಕಣ್ಣಾರೆ ಕಂಡಿದ್ದೆ. ಆಶ್ರಮ ನಡೆಸುವಾಕೆಗೆ ಹೇಳಿದೆ: ಹದಿನೈದು ದಿನದಲ್ಲಿ ನರ್ಸ್ ಸಿಗಬೇಕು, ಇಲ್ಲವೆಂದರೆ ಅಜ್ಜಿಯನ್ನು ನರ್ಸಿಂಗ್ ಹೋಮಿಗೆ ಕಳಿಸಬೇಕು.

"ಹುಡುಕ್ತಾನೇ ಇದೀವಿ ಮೇಡಂ, ಯಾರೂ ನಿಲ್ತಾ ಇಲ್ಲ" ಎಂದು ಆಕೆ ತಲೆ ತಗ್ಗಿಸಿದರು.

ಅಜ್ಜಿ ಮಂಚದ ಮೇಲೆ ನೆಟ್ಟಗೆ ಕೂತರು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಕೈಗಡಿಯಾರ ಜೋಡಿಸಿದವರು. ಈಗ ಎರಡು ಕಣ್ಣೂ ಮಂಜು.

"ನನ್ನ ಯಾರೂ ಇಲ್ಲಿ ತಂದು ಬಿಟ್ಟಿಲ್ಲಮ್ಮ. ನಾಲ್ಕು ಕಡೆ ನೋಡಿ ನಾನೇ ಆರಿಸ್ಕೊಂಡಿದ್ದು. ಈಗ ಒಂದು ಸೂಜಿಗೋಸ್ಕರ ಎಬ್ಬಿಸಿ ಕಳಿಸ್ತೀರಾ?"

"ನಿಮ್ಮ ಒಳ್ಳೇದಕ್ಕೇ ಅಮ್ಮ" ಎಂದೆ. ಹೇಳಿದ ಮೇಲೆ ಆ ಮಾತು ನನಗೇ ಹಿಡಿಸಲಿಲ್ಲ. ನಿಯಮದಲ್ಲಿ ಒಂದು ವಿನಾಯಿತಿ ಇರುವುದು ನೆನಪಾಯಿತು. ತಾವೇ ಔಷಧ ತೆಗೆದುಕೊಳ್ಳಬಲ್ಲವರು, ವೈದ್ಯರು ಬರೆದುಕೊಟ್ಟರೆ, ಆಶ್ರಮದಲ್ಲೇ ಇರಬಹುದು. "ನೀವೇ ಚುಚ್ಕೊಳೋಕೆ ಆಗುತ್ತಾ?" ಎಂದು ಕೇಳಿದೆ.

ಉತ್ತರ ಬಂದದ್ದು ಪಕ್ಕದ ಮಂಚದಿಂದ. ಅಲ್ಲಿದ್ದ ಗೆಳತಿ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಣ್ಣು ಚುರುಕು, ಕೈ ಮಾತ್ರ ಸದಾ ನಡುಗುತ್ತಿತ್ತು. "ಇವಳಿಗೆ ಕಣ್ ಕಾಣಲ್ಲ, ನನಗೆ ಕೈ ನಿಲ್ಲಲ್ಲ. ನಂಬರ್ ನಾನ್ ಓದ್ತೀನಿ, ಚುಚ್ಕೊಳೋದು ಅವಳು. ಇಬ್ಬರೂ ಸೇರಿದ್ರೆ ಒಂದು ನರ್ಸ್ ಆಗಲ್ವೇನಮ್ಮ?"

ಆಶ್ರಮಕ್ಕೆ ಬರುತ್ತಿದ್ದ ಡಾಕ್ಟರನ್ನು ಕಂಡು ವಿಷಯ ಹೇಳಿದೆ. ಅವರು ಸಿರಿಂಜು ಬೇಡವೆಂದು ಇನ್ಸುಲಿನ್ ಪೆನ್ ತಂದರು. ಅದರ ಗುಂಡಿ ತಿರುಗಿಸಿದರೆ ಒಂದೊಂದು ಯೂನಿಟ್ಟಿಗೂ ಟಿಕ್ ಎಂದು ಸದ್ದು ಬರುತ್ತದೆ. ಅಜ್ಜಿ ಅದನ್ನು ಬೆರಳಲ್ಲಿ ತಡವಿ ನೋಡಿ, "ಇದಕ್ಕಿಂತ ಸಣ್ಣ ಸಣ್ಣ ತಿರುಪು ತಿರುಗಿಸಿದೀನಿ ಡಾಕ್ಟ್ರೇ" ಎಂದರು. ಅವರು ಟಿಕ್ ಎಣಿಸಿದರು, ಅಂಚೆಯವರು ಬಗ್ಗಿ ಅಂಕಿ ಓದಿದರು.

ಡಾಕ್ಟರು ಅಷ್ಟಕ್ಕೇ ಸಹಿ ಹಾಕಲಿಲ್ಲ. ಮೂರು ದಿನ ಎರಡು ಹೊತ್ತೂ ಬಂದು ನೋಡಿದರು. ಕೊನೆಯ ದಿನ ನಾನೂ ಹೋಗಿದ್ದೆ. ಅವರು ಬೇಕೆಂದೇ ಪೆನ್ನನ್ನು ಎರಡು ಯೂನಿಟ್ ಹೆಚ್ಚಿಗೆ ತಿರುಗಿಸಿ, "ರೆಡಿ ಇದೆ, ಚುಚ್ಕೊಳಿ" ಎಂದು ಕೈಗಿತ್ತರು. ಅಜ್ಜಿ ಅದನ್ನು ಗೆಳತಿಯ ಮುಖದ ಮುಂದೆ ಹಿಡಿದರು.

"ಇದು ಹದಿನಾಲ್ಕು. ನಮ್ಮದು ಹನ್ನೆರಡು. ಓದಿದ ಡಾಕ್ಟ್ರು ನೀವೇ ಹಿಂಗ್ ಮಾಡಿದ್ರೆ ಹೆಂಗೆ?" ಎಂದರು ಅಂಚೆಯವರು.

ಡಾಕ್ಟರು ನಗುತ್ತಲೇ ಪತ್ರ ಬರೆದರು.

ವರದಿಯನ್ನು ಕಚೇರಿಯಲ್ಲಿ ಕೊಟ್ಟಾಗ ನಮ್ಮ ಮೇಲಧಿಕಾರಿ ಎರಡು ಸಲ ಓದಿದರು. "ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮ ತಲೆಗೇ ಬರುತ್ತೆ ಮೇಡಂ."

"ನಿಯಮದಲ್ಲಿ ಇರೋದನ್ನೇ ಬರೆದಿದೀನಿ ಸಾರ್. ಅಡುಗೆಯವರು ಸೂಜಿ ಮುಟ್ಟಬಾರದು ಅಂತಲೂ ಬರೆದಿದೀನಿ" ಎಂದೆ. ನನ್ನೊಳಗೂ ಅಳುಕಿತ್ತು. ಒಂದು ವಾರ ದಿನವೂ ಆಶ್ರಮಕ್ಕೆ ಫೋನ್ ಮಾಡಿ ವಿಚಾರಿಸಿದೆ. ಏನೂ ಆಗಲಿಲ್ಲ. ಆರು ವಾರದ ಮೇಲೆ ಕೆಂಗೇರಿಯಿಂದ ಒಬ್ಬ ನರ್ಸ್ ಕೆಲಸಕ್ಕೆ ಸೇರಿದಳು. ಅಷ್ಟು ಹೊತ್ತಿಗೆ ಅಜ್ಜಿಗೆ ಪೆನ್ ಬಿಟ್ಟುಕೊಡುವ ಮನಸ್ಸಿರಲಿಲ್ಲ. ನರ್ಸ್ ಪಕ್ಕದಲ್ಲಿ ನಿಂತು ನೋಡಿಕೊಂಡರೆ ಸಾಕಾಗಿತ್ತು.

ಮರುವರ್ಷ ತಪಾಸಣೆಗೆ ಹೋದಾಗ ಡಾಕ್ಟರ ಪತ್ರಕ್ಕೆ ಪ್ಲಾಸ್ಟಿಕ್ ಹೊದಿಸಿ ಮಂಚದ ತಲೆದೆಸೆಗೆ ಅಂಟಿಸಿದ್ದರು.

"ಇದ್ಯಾಕಮ್ಮ ಇಲ್ಲಿ?" ಎಂದೆ.

"ನೀವು ರಿಟೈರ್ ಆಗ್ತೀರಂತಲ್ಲ. ಹೊಸಬರು ಬಂದ್ರೆ ಮೊದಲು ಇದನ್ನ ಓದ್ಲಿ ಅಂತ" ಎಂದ ಅಜ್ಜಿ, ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟರು. ಫೈಲ್ ಬದಿಗಿಟ್ಟು ಕೂತೆ. ಅವತ್ತು ಉಳಿದ ಕೋಣೆಗಳನ್ನು ನೋಡಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.