ಬಾಣಂತಿ ಕೋಣೆಯ ಅಟ್ಟ

ಚೊಚ್ಚಲ ಹೆರಿಗೆಗೆಂದು ಹೊಸಪೇಟೆಯಿಂದ ಕಂಪ್ಲಿಯ ತವರಿಗೆ ಬಂದಾಗ ಪುಷ್ಯ ಮಾಸ. ಊರೆಲ್ಲ ಯುದ್ಧದ ಮಾತು, ಸೀಮೆಎಣ್ಣೆಗೆ ಪರದಾಟ. ನಮ್ಮ ಮನೆಯಲ್ಲಿ ಮಾತ್ರ ಯುದ್ಧ ನಡೆದದ್ದು ಗಾಳಿಯ ಮೇಲೆ. ನಾನು ಹೆತ್ತ ಐದನೆಯ ದಿನಕ್ಕೇ ಅದು ನನ್ನ ಕೋಣೆಯ ಅಟ್ಟದಲ್ಲಿ ಶುರುವಾಯಿತು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಣಂತಿ ಕೋಣೆಯ ಮೇಲೆ ಹಲಗೆಯ ಅಟ್ಟ. ಅಲ್ಲಿ ಹಳೆಯ ನೊಗ, ಹುಣಸೆಹಣ್ಣಿನ ಗಡಿಗೆ, ಯಾರಿಗೂ ಬೇಡವಾದ ಸಾಮಾನು. ಅಟ್ಟದ ಗೋಡೆಗೂ ಜಂತಿಗೂ ನಡುವೆ ಕೈ ತೂರಿಸುವಷ್ಟು ಸಂದುಗಳಿದ್ದವು, ಮೇಲೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಹೊಳೆಯ ಕಡೆಯ ಗಾಳಿ ಅಲ್ಲಿಂದ ಇಳಿದು, ಹಲಗೆಗಳ ನಡುವೆ ನುಸುಳಿ ನನ್ನ ಕಿವಿಗೆ ತಾಕುತ್ತದೆಂಬುದು ಅಜ್ಜಿಯ ಹಟ. ನಿನಗೆ ತಾಕಿತೇ ಎಂದು ನನ್ನನ್ನು ಯಾರೂ ಕೇಳಲಿಲ್ಲ.

“ಏನಲೇ, ಮಗಳಿಗೆ ಗಾಳಿ ಬಡೀಲಿ ಅಂತ ಬಿಟ್ಟೀಯೇನು?” ಎಂದು ಅಜ್ಜಿ ಅಂದದ್ದೇ ತಡ, ಅಪ್ಪ ಏಣಿ ಹಾಕಿದ. ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟಿನ ಚೀಲಗಳು ಬಂದವು. ಹಲಗೆಗಳ ಮೇಲೆ ಮೊಣಕಾಲುದ್ದ ಹೊಟ್ಟು ಹರಡಿದ. ಸಂದುಗಳಿಗೆ ಸಗಣಿ ಕಲಸಿದ ಮಣ್ಣು ಮೆತ್ತಿದ. ಎರಡು ದಿನ ನನ್ನ ತಲೆಯಲ್ಲಿ, ಕೂಸಿನ ಬಟ್ಟೆಯಲ್ಲಿ, ಗಂಜಿಯ ಬಟ್ಟಲಿನಲ್ಲಿ ಹೊಟ್ಟಿನದೇ ಧೂಳು. ಸೀನಿ ಸೀನಿ ನನ್ನ ಪಕ್ಕೆ ಹಿಡಿದುಕೊಂಡಿತು. “ನೋಡು, ಶೀತ ಆಗೇಬಿಡ್ತು,” ಎಂದು ಅಜ್ಜಿ ಇನ್ನೊಂದು ಸಂದು ತೋರಿಸಿದಳು. ಇವರಿಗೆ ತಿಳಿಸಿ ಹೇಳುವವರು ಯಾರು?

ಎಂಟನೆಯ ದಿನ ಬೆಳಕಿಂಡಿಯ ಮೇಲೂ ಕಲ್ಲುಚಪ್ಪಡಿ ಎಳೆದು, ಅಂಚಿಗೆಲ್ಲ ಮಣ್ಣು ಬಳಿದದ್ದಾಯಿತು. “ಇನ್ನ ಇರುವಿ ಸೈತ ಒಳಗ ಬರಂಗಿಲ್ಲ,” ಎಂದು ಅಪ್ಪ ಮೀಸೆ ತಿರುವಿದ. ಸಾಲದ್ದಕ್ಕೆ, ಬಾಣಂತಿಗೆ ಕಾವಿರಲೆಂದು ಮಂಚದ ಕೆಳಗೆ ಇಡುವ ಅಗ್ಗಿಷ್ಟಿಕೆಗೆ ಅಜ್ಜಿ ಮರುದಿನ ಎರಡರಷ್ಟು ಇದ್ದಿಲು ಸುರಿದಳು.

ಅವತ್ತು ಬೆಳಿಗ್ಗೆ ಎರೆದುಕೊಂಡು ಬಂದು ಮಲಗಿದೆ. ಬಾಗಿಲೂ ಹಾಕಿದರು. ಸ್ವಲ್ಪ ಹೊತ್ತಿಗೆ ತಲೆ ಸಿಡಿಯತೊಡಗಿತು. ನೋಡಿದರೆ ಹೊಗೆಯೂ ಇಲ್ಲ, ಏನೂ ಇಲ್ಲ. ಕೂಸಿಗೆ ಹಾಲು ಕೊಡಲು ಹೋದರೆ ಬಾಯಿ ತೆರೆಯಲಿಲ್ಲ. ಅದರ ಕೈ ಎತ್ತಿದೆ, ಹಸಿ ಬಟ್ಟೆಯಂತೆ ಕೆಳಗೆ ಬಿತ್ತು. ಕೂಸನ್ನು ಎದೆಗವಚಿಕೊಂಡು, ಗೋಡೆ ಹಿಡಿದುಕೊಂಡೇ ಅಂಗಳಕ್ಕೆ ಬಂದೆ. ಬಯಲಿನಲ್ಲಿ ಕೂತು ಅದರ ಅಂಗಾಲು ತಿಕ್ಕಿದೆ, ತಿಕ್ಕುತ್ತಲೇ ಇದ್ದೆ. ಎಷ್ಟೋ ಹೊತ್ತಿಗೆ ಮೂಗಿನ ಹೊಳ್ಳೆ ಅರಳಿತು, ಆಮೇಲೆ ಕಿರುಚಿಕೊಂಡಿತು. ನನ್ನ ತಲೆಯೂ ಅಷ್ಟರಲ್ಲಿ ಹಗುರಾಗಿತ್ತು.

ಅಜ್ಜಿ ಓಡಿಬಂದು ಕೂಸಿನ ಹಣೆಗೆ ವಿಭೂತಿ ಹಚ್ಚಿದಳು. “ಎಲ್ಲೋ ಒಂದು ಸಂದು ಉಳದೈತಿ. ಗಾಳಿ ಬಡದೈತಿ ಕೂಸಿಗೆ,” ಅಂದಳು. ಅಪ್ಪ ಆಗಲೇ ಮಣ್ಣಿನ ಬುಟ್ಟಿ ಹಿಡಿದು ಮಾಳಿಗೆಯ ಏಣಿ ಹತ್ತುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

“ಅಪ್ಪಾ, ಆ ಮಣ್ಣು ಕೆಳಗಿಡು. ಮೊದಲ ಆ ಕಲ್ಲು ತಗೀ. ಇಲ್ಲಂದ್ರ ಕೂಸಿನ್ನ ಎತ್ಕೊಂಡು ಬೀದ್ಯಾಗ ಹೋಗಿ ಕುಂದ್ರತೀನಿ. ನನ್ನ ಮಗಳ ಉಸರು ಕಟ್ಟಿಸಿದ್ದು ಆ ಕೆಂಡ, ಗಾಳಿ ಅಲ್ಲ.”

ಒಂಬತ್ತು ದಿನದ ಹಸಿ ಬಾಣಂತಿ ಬೀದಿಗೆ ಹೋಗುತ್ತಾಳಂತೆ ಎಂದು ಅಜ್ಜಿ ಬಾಯಿ ಬಡಿದುಕೊಂಡಳು. ಅಪ್ಪ ಏಣಿಯ ನಡುವೆಯೇ ನಿಂತ.

ಅಲ್ಲಿಯವರೆಗೂ ತುಟಿಪಿಟಕ್ಕೆನ್ನದ ಅವ್ವ ಕಂಬ ಹಿಡಿದುಕೊಂಡು ಹೇಳಿದಳು: “ನಿನಗಿಂತ ಮೊದಲ ಒಬ್ಬಾಂವ ಹುಟ್ಟಿದ್ದ. ಅವನೂ ಹಿಂಗ ಮೆತ್ತಗಾಗಿದ್ದ. ಇದೇ ಕೋಣಿ, ಮಂಚದ ಕೆಳಗ ಹಿಂಗ ಕೆಂಡ. ಗಾಳಿ ಬಡದು ಹ್ವಾದ ಅಂದ್ರು. ನಾನೂ ಹೌದು ಅಂದೆ. ಅವನ್ನ ಯಾರೂ ಹೊರಗ ತರಲಿಲ್ಲ.”

ನನಗೊಬ್ಬ ಅಣ್ಣನಿದ್ದನೆಂದು ಗೊತ್ತಾದದ್ದು ಅವತ್ತೇ. ಅಪ್ಪ ಬುಟ್ಟಿಯನ್ನು ಅಲ್ಲಿಂದಲೇ ಅಂಗಳಕ್ಕೆ ಬಿಟ್ಟು, ಬರಿಗೈಯಲ್ಲಿ ಮಾಳಿಗೆ ಹತ್ತಿದ. ಚಪ್ಪಡಿ ಸರಿದ ಸದ್ದು ಕೇಳಿಸಿತು. ಎಷ್ಟು ಹೊತ್ತಾದರೂ ಅವನು ಕೆಳಗಿಳಿಯಲಿಲ್ಲ. ಕೊನೆಗೆ ಅವ್ವ ಹೋಗಿ ಏಣಿ ಹಿಡಿದು ನಿಂತಳು.